ಎಡಗೈ ಪಿಟೀಲಿನವನನ್ನು ಹುಡುಕಿದ್ದು

ಕೆಲಸದಲ್ಲಿದ್ದ ಹದಿನೇಳು ವರ್ಷ ನನ್ನ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಕೆಲಸ ಹೋದ ಮೇಲೆ ವಾರಕ್ಕೊಂದರಂತೆ ನಡೆಯತೊಡಗಿತು.

ಕಾರು ಕಂಪನಿಗಳ ದೊಡ್ಡವರೆಲ್ಲ ಸರ್ಕಾರದ ಮುಂದೆ ಕೈಯೊಡ್ಡಿ ನಿಂತಿದ್ದ ಚಳಿಗಾಲ ಅದು. ಡೆಟ್ರಾಯಿಟ್ ಬಳಿಯ ವಾರೆನ್ನಿನಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದ ನನ್ನನ್ನು ಒಂದು ಗುರುವಾರ ಒಳಗೆ ಕರೆದು, ರಟ್ಟಿನ ಪೆಟ್ಟಿಗೆಯೊಂದನ್ನು ಕೈಗಿತ್ತು, ನಿಮ್ಮ ಸಾಮಾನು ತುಂಬಿಕೊಳ್ಳಿ ಅಂದರು. ಕಾರಿನ ಬಾಗಿಲು ಡಿಸೈನ್ ಮಾಡುತ್ತಿದ್ದ ನನ್ನ ಧಾರವಾಡದ ಗೆಳೆಯನಿಗೆ ಅಂಥದ್ದೇ ಪೆಟ್ಟಿಗೆ ಹಿಂದಿನ ಸೋಮವಾರವೇ ಸಿಕ್ಕಿತ್ತು. ಸೌತ್‌ಫೀಲ್ಡಿನಲ್ಲಿ ಐಟಿ ಕೆಲಸದಲ್ಲಿದ್ದ ಹೆಂಡತಿಯ ದೆಸೆಯಿಂದ ಮನೆ ನಡೆಯುತ್ತಿತ್ತು. ಫಾರ್ಮಿಂಗ್ಟನ್ ಹಿಲ್ಸ್‌ನ ಆ ಮನೆಯಲ್ಲಿ ಹಗಲು ಹೊತ್ತು ಉಳಿಯುತ್ತಿದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಮ್ಮ. ಮಗನ ದೊಡ್ಡ ಕೆಲಸ ನೋಡಿ ಹೋಗೋಣವೆಂದು ಬಂದವರು, ಮಗ ಸೋಫಾದ ಮೇಲೆ ಮಲಗಿರುವುದನ್ನು ನೋಡುತ್ತಿದ್ದರು.

ಸೀಮೆಬದನೆಕಾಯಿ

ಎಲ್ಲ ಶುರುವಾದದ್ದು ಕೂಟಿನಿಂದ. ಅಮ್ಮನಿಗೆ ಸೀಮೆಬದನೆಕಾಯಿ ಕೂಟು ತಿನ್ನಬೇಕೆನಿಸಿತು. ನಮ್ಮ ಕಡೆಯ ಇಂಡಿಯನ್ ಅಂಗಡಿಗಳಲ್ಲಿ ಆ ವಾರ ಸಿಗಲಿಲ್ಲ. "ಅದು ಮೂಲತಃ ಮೆಕ್ಸಿಕೋದ ಕಾಯಿ ಅದ ದೋಸ್ತ. ಡೆಟ್ರಾಯಿಟ್‌ದಾಗ ಮೆಕ್ಸಿಕೋದವರ ಏರಿಯಾಕ್ಕ ಹೋಗು, ರಾಶಿ ಹಾಕಿರ್ತಾರ" ಎಂದು ಧಾರವಾಡದ ಗೆಳೆಯ ಫೋನಿನಲ್ಲಿ ಹೇಳಿದ. ಇಪ್ಪತ್ತೈದು ಮೈಲಿ ಡ್ರೈವ್ ಮಾಡಿಕೊಂಡು ಹೋದೆ. ಪೆಟ್ರೋಲು ದುಬಾರಿಯೋ ಕಾಯಿ ದುಬಾರಿಯೋ ಎಂದು ಲೆಕ್ಕ ಹಾಕುವ ಹುದ್ದೆಯಲ್ಲಿ ಆಗ ನಾನಿರಲಿಲ್ಲ.

ಅಂಗಡಿಯ ಮುಂಭಾಗದಲ್ಲಿ ತರಕಾರಿ, ಹಿಂಭಾಗದಲ್ಲಿ ವಿಡಿಯೊ ಕ್ಯಾಸೆಟ್ಟು. ಡಿವಿಡಿ ಬಂದು ಎಷ್ಟೋ ವರ್ಷವಾಗಿತ್ತು. ಅಲ್ಲಿ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಮೂಲೆಯ ಟೀವಿಯಲ್ಲಿ ಕಪ್ಪುಬಿಳುಪು ಸಿನಿಮಾ ಓಡುತ್ತಿತ್ತು. ಮೊರದಷ್ಟು ಅಗಲದ ಟೊಪ್ಪಿ ಹಾಕಿಕೊಂಡ ನಾಯಕ ಹುಡುಗಿಯ ಕಿಟಕಿಯ ಕೆಳಗೆ ನಿಂತು ಬಾಯಿ ತೆರೆದದ್ದೇ ತಡ, ಬೀದಿಯಲ್ಲಿ ಎಲ್ಲಿಂದಲೋ ಹನ್ನೆರಡು ಜನ ಪಿಟೀಲು, ಗಿಟಾರು, ತುತ್ತೂರಿ ಹಿಡಿದು ಪ್ರತ್ಯಕ್ಷರಾದರು. ಇವರನ್ನು ಕರೆದವರಾರು, ಇಷ್ಟು ಹೊತ್ತು ಎಲ್ಲಿದ್ದರು, ಯಾರೂ ಕೇಳಲಿಲ್ಲ. ಹುಡುಗಿಯ ಅಪ್ಪ ಕೂಡ ಕೇಳಲಿಲ್ಲ. ಆಹಾ, ಇವರು ನಮ್ಮವರೇ ಅನ್ನಿಸಿತು. ಕೈಯಲ್ಲೊಂದು ಸೀಮೆಬದನೆಕಾಯಿ ಹಿಡಿದು ಪೂರ್ತಿ ಹಾಡು ನೋಡಿದೆ.

ಗಲ್ಲಾದ ಹಿಂದೆ ಎಪ್ಪತ್ತು ದಾಟಿದ ಯಜಮಾನರು, ಪಕ್ಕದಲ್ಲಿ ಅವರ ಹೆಂಡತಿ. "ಚೆನ್ನಾಗಿದೆ ಅಂಕಲ್" ಅಂದೆ, ಬಾಯಿಯ ಅಭ್ಯಾಸ. ಅವರು ಕುತೂಹಲದಿಂದ "ನನ್ನನ್ನು ಅಂಕಲ್ ಅಂದೆಯಲ್ಲ, ಯಾವ ಕಡೆಯಿಂದ? ತಾಯಿ ಕಡೆಯಿಂದಲೋ ತಂದೆ ಕಡೆಯಿಂದಲೋ?" ಎಂದು ಕೇಳಿದರು. ವಿವರಿಸಿದೆ. ಆಂಟಿ ಯಾರೆಂದು ಅವರ ಹೆಂಡತಿ ತಾವೇ ತಿಳಿದುಕೊಂಡರು. ನಾನು ಇಂಜಿನಿಯರೆಂದು ಗೊತ್ತಾದ ಮೇಲೆ ಅಂಕಲ್ ನನ್ನ ಹೆಸರು ಕೇಳಲೇ ಇಲ್ಲ. ಅವರ ಊರ ಕಡೆ ಡಾಕ್ಟರನ್ನು ಡಾಕ್ಟರ್ ಅನ್ನುವ ಹಾಗೆ ಇಂಜಿನಿಯರನ್ನು ಇಂಜಿನಿಯರ್ ಎಂದೇ ಕರೆಯುತ್ತಾರಂತೆ. ಇಡೀ ಮಿಷಿಗನ್ನಿನಲ್ಲಿ ಆಗ ನನ್ನನ್ನು ಹಾಗೆ ಕರೆಯುತ್ತಿದ್ದ ಒಂದೇ ಜಾಗ ಆ ಅಂಗಡಿ. ಸುಳ್ಳೇಕೆ, ತುಂಬ ಹಿತವಾಯಿತು.

ಅಂಕಲ್ ಟೀವಿಯ ಕಡೆ ಬೆರಳು ತೋರಿಸಿ "ನಾನೂ ಹೀಗೆ ಹಿಂದೆ ನಿಂತು ಪಿಟೀಲು ಬಾರಿಸಿದ್ದೇನೆ, ಒಂದು ಸಿನಿಮಾದಲ್ಲಿ" ಅಂದರು.

"ಯಾವ ಸಿನಿಮಾ? ಹೇಳಿ, ಇಂಜಿನಿಯರಿಗೂ ಹೇಳಿ" ಅಂದರು ಆಂಟಿ.

"ಹೆಸರು ಗೊತ್ತಿಲ್ಲ."

"ಐವತ್ತೊಂದು ವರ್ಷದಿಂದ ಗೊತ್ತಿಲ್ಲ" ಎಂದು ಆಂಟಿ ಟೊಮೇಟೊ ತೂಗಲು ಹೋದರು.

ವಿಷಯ ಇಷ್ಟು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಂಕಲ್ ಮೆಕ್ಸಿಕೋ ನಗರದ ಸಿನಿಮಾ ಸ್ಟುಡಿಯೊ ಒಂದರಲ್ಲಿ ಸೆಟ್ಟು ಕಟ್ಟುವ ಬಡಗಿಗಳ ಜೊತೆಗಿದ್ದರು. ಒಂದು ದಿನ ಪಿಟೀಲಿನವನೊಬ್ಬನಿಗೆ ಹೊಟ್ಟೆ ಕೆಟ್ಟಿತು. ಅವನ ಜಾಕೆಟ್ಟು ಸರಿಹೊಂದಿದ್ದು ಇವರಿಗೆ. ಹಾಡು ಹೇಗೂ ಮೊದಲೇ ರೆಕಾರ್ಡ್ ಆಗಿರುತ್ತಿತ್ತು, ಕಮಾನು ಆಡಿಸಿದರೆ ಸಾಕು. ಇವರು ಎಡಚರು. ಎಲ್ಲರ ಕಮಾನು ಬಲಕ್ಕೆ ಹೋದರೆ ಇವರದು ಎಡಕ್ಕೆ ಹೋಗಿ ಪಕ್ಕದವನ ಟೊಪ್ಪಿಗೆ ತಿವಿಯಿತು. ನಿರ್ದೇಶಕರು ಬೈದು, ಸಾಲಿನ ಕೊನೆಗೆ ನಿಲ್ಲಿಸಿ, ಶಾಟ್ ಮುಗಿಸಿಬಿಟ್ಟರು. ಆ ವಾರ ಅದೇ ಅಂಗಳದ ಸೆಟ್ಟಿನಲ್ಲಿ ಮೂರು ಸಿನಿಮಾ ನಡೆಯುತ್ತಿದ್ದವು. ತಾನು ನಿಂತದ್ದು ಯಾವುದಕ್ಕೆ ಎಂದು ಬಡಗಿಗೆ ಯಾರು ಹೇಳುತ್ತಾರೆ?

ಡೆಟ್ರಾಯಿಟಿನ ಎರಕದ ಕಾರ್ಖಾನೆಯಿಂದ ರಿಟೈರ್ ಆದ ಮೇಲೆ ಅಂಕಲ್ ಅಂಗಡಿ ಇಟ್ಟದ್ದೇ ಆ ಸಿನಿಮಾ ಹುಡುಕಲು. ಸಿಕ್ಕ ಸಿಕ್ಕ ಹಳೆಯ ಹಾಡು-ಹಾಸ್ಯದ ಚಿತ್ರಗಳನ್ನೆಲ್ಲ ತರಿಸಿದರು. ಆದರೆ ಮೂವತ್ತು ವರ್ಷ ಪಾಳಿಯಲ್ಲಿ ದುಡಿದ ದೇಹ, ಕುರ್ಚಿಯಲ್ಲಿ ಕೂತ ಹತ್ತನೇ ನಿಮಿಷಕ್ಕೆ ನಿದ್ದೆ. ಇನ್ನು ಆಂಟಿ, "ಇಲ್ಲದವರನ್ನು ಯಾಕೆ ಹುಡುಕಲಿ?" ಎಂದು ಒಂದನ್ನೂ ನೋಡಿದವರಲ್ಲ. "ಇವರ ಮಾತಿನಲ್ಲಿ ನಾನು ನಂಬುವುದು ಮೀಸೆಯದು ಒಂದೇ" ಅಂದರು. ಅಂಕಲ್‌ಗೆ ಆ ಕಾಲದಲ್ಲಿ ಭಾರಿ ಮೀಸೆಯಿತ್ತಂತೆ. ಆಂಟಿಯ ಅಪ್ಪನಿಗೆ ಮೀಸೆ ಆಗದು ಎಂದು ಯಾರೋ ಹೇಳಿದ್ದರಿಂದ, ಹೆಣ್ಣು ಕೇಳಲು ಬರುವ ಮುಂಚೆ ಅದನ್ನು ಬೋಳಿಸಿಕೊಂಡು ಬಂದರಂತೆ. ಆ ತ್ಯಾಗಕ್ಕಾಗಿ ಮದುವೆಯಾದಂದಿನಿಂದ ಭಾನುವಾರದ ಪಾತ್ರೆ ತೊಳೆಯುವ ಕೆಲಸದಿಂದ ಅಂಕಲ್‌ಗೆ ಮಾಫಿ. ಮಿಕ್ಕ ಆರು ದಿನ ಅವರೇ ತೊಳೆಯಬೇಕು.

ಈಗ ಗಿರಾಕಿಗಳೆಲ್ಲ ಕೆಲಸ ಕಳೆದುಕೊಂಡು ಊರು ಬಿಟ್ಟಿದ್ದರು. ಒಂದೂವರೆ ತಿಂಗಳಲ್ಲಿ ಅಂಗಡಿ ಮುಚ್ಚುತ್ತಿತ್ತು. ಕ್ಯಾಸೆಟ್ಟುಗಳನ್ನು ಒಬ್ಬ ಟ್ರಕ್ಕಿನಲ್ಲಿ ತುಂಬಿಕೊಂಡು ಹೋಗಲಿದ್ದ. "ಆಮೇಲೆ ನಾನು ಸುಳ್ಳುಗಾರನಾಗಿಯೇ ಸಾಯಬೇಕು, ಇಂಜಿನಿಯರ್" ಎಂದು ಅಂಕಲ್ ತಣ್ಣಗೆ ಹೇಳಿದರು. "ನೂರ ಅರವತ್ತು ಸಿನಿಮಾ. ಕೂತು ನೋಡುವ ಪುರುಸೊತ್ತು ಯಾರಿಗಿದೆ?"

ಆ ವರ್ಷ ಮಿಷಿಗನ್ನಿನಲ್ಲಿ ಆ ಪ್ರಶ್ನೆ ಕೇಳಿದ ಮನುಷ್ಯ ಅವರೊಬ್ಬರೇ ಇರಬೇಕು.

ಸ್ಪ್ಯಾನಿಷ್ ಬಲ್ಲವಳು

ಮೊದಲ ಕಂತಿನಲ್ಲಿ ಹತ್ತು ಕ್ಯಾಸೆಟ್ ತಂದೆ. ಬೇಸ್‌ಮೆಂಟಿನಲ್ಲಿ ಹಳೆಯ ವಿಸಿಆರ್ ಇತ್ತು. ಕನ್ನಡ ಸಿನಿಮಾದ ಕ್ಯಾಸೆಟ್ಟು ಮನೆಯಿಂದ ಮನೆಗೆ ಓಡಾಡುತ್ತಿದ್ದ ಕಾಲದ್ದು. ಧೂಳು ಒರೆಸಿದರೆ ಓಡಿತು.

ಭಾಷೆಗೇನು ಮಾಡುವುದು? ಮಗಳು ಹೈಸ್ಕೂಲಿನಲ್ಲಿ ಎರಡು ವರ್ಷದಿಂದ ಸ್ಪ್ಯಾನಿಷ್ ಓದುತ್ತಿದ್ದಳು, ಎ ಗ್ರೇಡು. ಶನಿವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹತ್ತು ನಿಮಿಷವಾಯಿತು.

"ಏನಂತಾ ಇದಾರೆ ಪುಟ್ಟಿ?"

"ಡ್ಯಾಡ್, ಸಮ್‌ಥಿಂಗ್ ಅಬೌಟ್ ಎ ಹಾರ್ಸ್."

ಇನ್ನೂ ಹತ್ತು ನಿಮಿಷವಾಯಿತು. "ಈಗ?"

"ಸ್ಟಿಲ್ ದ ಹಾರ್ಸ್. ದೇ ಡೋಂಟ್ ಟಾಕ್ ಲೈಕ್ ದಿಸ್ ಇನ್ ಕ್ಲಾಸ್!"

ಬತ್ತಿ ಹೊಸೆಯುತ್ತ ಹಿಂದೆ ಕೂತಿದ್ದ ಅಮ್ಮ ತಲೆಯೆತ್ತಿದರು. "ಕುದುರೇನೂ ಇಲ್ಲ, ಕತ್ತೆನೂ ಇಲ್ಲ. ಆ ಉದ್ದದೋನಿಗೆ ಹುಡುಗಿ ಮೇಲೆ ಮನಸ್ಸು. ಅವಳಪ್ಪನಿಗೆ ಪಕ್ಕದ ಜಮೀನಿನ ಮೇಲೆ ಮನಸ್ಸು, ಅದಕ್ಕೆ ಜಮೀನ್ದಾರನ ಮಗನಿಗೆ ಕೊಡ್ತೀನಿ ಅಂತಾನೆ. ಆ ದಪ್ಪಗಿದಾನಲ್ಲ, ಹಾಸ್ಯದೋನು, ಅವನು ಮದುವೆ ದಿನ ಕುಡಿದು ಗುಟ್ಟೆಲ್ಲ ಹೊರಗೆ ಹಾಕ್ತಾನೆ, ನೋಡ್ತಿರು."

ಮದುವೆಯ ದಿನ ದಪ್ಪಗಿದ್ದವನು ಕುಡಿದು ಗುಟ್ಟೆಲ್ಲ ಹೊರಗೆ ಹಾಕಿದ. ಸೋಮವಾರ ಕ್ಯಾಸೆಟ್ ವಾಪಸ್ ಕೊಡುವಾಗ ಅಂಕಲ್‌ಗೆ ಅಮ್ಮನ ಕಥೆ ಒಪ್ಪಿಸಿದೆ. ಒಂದಕ್ಷರ ತಪ್ಪಿಲ್ಲ ಅಂದರು. ಮಗಳಿಗೆ ಹೇಳಿದಾಗ ಅವಳು ಒಪ್ಪಲಿಲ್ಲ.

"ದಟ್ಸ್ ಚೀಟಿಂಗ್. ಅಜ್ಜಿ ಹ್ಯಾಸ್ ಸೀನ್ ಇಟ್ ಬಿಫೋರ್."

ನರೆತ ಕುದುರೆ

ಕ್ಯಾಸೆಟ್ ಬದಲಾಯಿಸಲು ಹೋದಾಗಲೆಲ್ಲ ಅಂಕಲ್ ಸ್ಟುಡಿಯೊದ ಕಥೆ ಹೇಳುತ್ತಿದ್ದರು. ಧಾರವಾಡದ ಗೆಳೆಯನೂ ಬರತೊಡಗಿದ್ದ. ಒಮ್ಮೆ ಹೇಳಿದ್ದು ಕುದುರೆಯ ಕಥೆ.

ಸ್ಟುಡಿಯೊದಲ್ಲಿ ಚೆನ್ನಾಗಿ ಪಳಗಿದ ಕುದುರೆ ಇದ್ದದ್ದು ಒಂದೇ, ಬಿಳಿಯದು. ಬೆಳಿಗ್ಗೆ ಒಂದು ಸಿನಿಮಾದಲ್ಲಿ ನಾಯಕನ ಕುದುರೆ, ಮಧ್ಯಾಹ್ನ ಇನ್ನೊಂದರಲ್ಲಿ ಖಳನ ಕುದುರೆ. ಖಳನಿಗೆ ಬಿಳಿ ಕುದುರೆ ಒಪ್ಪುತ್ತದೆಯೇ? ಬಡಗಿಗಳೆಲ್ಲ ಸೇರಿ ಊಟದ ಹೊತ್ತಿನಲ್ಲಿ ಅದಕ್ಕೆ ಇದ್ದಲಿನ ಪುಡಿ ಬಳಿಯುತ್ತಿದ್ದರು. ಒಂದು ದಿನ ಕಪ್ಪು ಕುದುರೆಯ ಶಾಟಿನಲ್ಲಿ ಮಳೆಯ ಹಾಡು ಬಂತು. ಕೊಳವೆಯಲ್ಲಿ ಮಳೆ ಸುರಿಸಿದರು. ಪಲ್ಲವಿಯಲ್ಲಿ ಕಪ್ಪಗಿದ್ದ ಕುದುರೆ ಮೊದಲ ಚರಣಕ್ಕೆ ಬೂದುಬಣ್ಣವಾಗಿ, ಎರಡನೆಯ ಚರಣಕ್ಕೆ ಬೆಳ್ಳಗಾಯಿತು. ಮತ್ತೆ ತೆಗೆಯಲು ಫಿಲಂ ರೀಲು ಇರಲಿಲ್ಲ. ನಿರ್ದೇಶಕರು ತಲೆಯ ಮೇಲೆ ಕೈಹೊತ್ತು ಕೂತರು. ಆಗ ಹಾಸ್ಯನಟ ಕ್ಯಾಮೆರಾ ನಿಲ್ಲಿಸಬೇಡಿ ಎಂದು ಸನ್ನೆ ಮಾಡಿ ಒಳಗೆ ಬಂದು, ಕುದುರೆಯನ್ನು ಸುತ್ತ ನೋಡಿ, ಟೊಪ್ಪಿ ತೆಗೆದು, "ಅಯ್ಯೋ ಪಾಪ, ಒಡೆಯನ ಹಾಡು ಕೇಳಿ ಕೇಳಿ ನರೆತೇ ಹೋಯಿತಲ್ಲ!" ಅಂದನಂತೆ. ಅದನ್ನೇ ಇಟ್ಟುಕೊಂಡರಂತೆ.

ಆಂಟಿ ಕಣ್ಣು ತಿರುಗಿಸಿದರು. "ಕುದುರೆಯೂ ಸುಳ್ಳು."

ಮರುವಾರ ನನ್ನ ಗೆಳೆಯ ಕ್ಯಾಸೆಟ್ ಹಿಡಿದುಕೊಂಡು ಓಡಿ ಬಂದ. "ಕುದುರಿ ಸಿಕ್ಕದರೀ ಅಂಕಲ್!" ಟೀವಿಯಲ್ಲಿ ಹಾಕಿದ. ಹಾಡಿನ ಕೊನೆ, ಬಿಳಿ ಕುದುರೆ, ಕಾಲಬುಡದಲ್ಲಿ ಕಪ್ಪು ನೀರಿನ ಹೊಂಡ, ಟೊಪ್ಪಿ ತೆಗೆಯುವ ಹಾಸ್ಯನಟ, ಎಲ್ಲ ಹೇಳಿದ ಹಾಗೇ ಇತ್ತು. ಅಂಕಲ್ ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದರು.

ಆಂಟಿ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಮೂಲೆಯಿಂದ ಮೂಲೆಗೆ ನೋಡಿದರು. "ಸರಿ, ಕುದುರೆ ಇದೆ. ನೀವೆಲ್ಲಿ?"

ಇಂಟರ್ವಲ್

ಒಂದು ದಿನ ಅಮ್ಮನನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಸ್ಪ್ಯಾನಿಷ್ ಕೇಳಲೇಬೇಡಿ. ಆಂಟಿಗೆ ಕನ್ನಡ ಬಾರದು. ಐದು ನಿಮಿಷದಲ್ಲಿ ಇಬ್ಬರೂ ಪಕ್ಕಪಕ್ಕದ ಕುರ್ಚಿ ಹಾಕಿಕೊಂಡು, ಹುಣಸೆಹಣ್ಣಿನ ಗುಣಾವಗುಣಗಳನ್ನು ಕೈಸನ್ನೆಯಲ್ಲೇ ಚರ್ಚಿಸುತ್ತ ಕೂತರು. ಟೀವಿಯಲ್ಲಿ ಸಿನಿಮಾ ಓಡುತ್ತಿತ್ತು.

ಸರಿಯಾಗಿ ಮುಕ್ಕಾಲು ಗಂಟೆಗೆ ಅಮ್ಮ ಎದ್ದು ನಿಂತರು. "ಏನೋ, ಇಂಟರ್ವಲ್ಲೇ ಬಿಡ್ಲಿಲ್ವಲ್ಲೋ?"

ಇವರಲ್ಲಿ ಇಂಟರ್ವಲ್ ಇಲ್ಲ ಎಂದೆ. "ಹಾಗಂದ್ರೆ? ಮಧ್ಯದಲ್ಲಿ ಒಂದು ಕಾಫಿ ಇಲ್ಲ, ಕಡಲೆಕಾಯಿ ಇಲ್ಲ, ಅಷ್ಟು ದೊಡ್ಡ ಜಗಳ ಆಗಿದೆ, ಮುಂದೇನಾಗತ್ತೆ ಅಂತ ನಾಲ್ಕು ಮಾತು ಆಡೋದು ಬೇಡ್ವಾ?" ಅಂಕಲ್‌ಗೆ ಅನುವಾದಿಸಿ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಇದು ನ್ಯಾಯವಾದ ಮಾತು ಎಂದು ಕ್ಯಾಸೆಟ್ ನಿಲ್ಲಿಸಿದರು. ಮೆಣಸಿನ ಪುಡಿ ಹಾಕಿ ನಿಂಬೆಹುಳಿ ಹಿಂಡಿದ ಕಡಲೆಕಾಯಿ ಬಂತು. ತರಕಾರಿ ಕೊಳ್ಳಲು ಬಂದಿದ್ದ ನಾಲ್ವರೂ ಸೇರಿಕೊಂಡರು.

ಇಂಟರ್ವಲ್ ಆದ ಮೇಲೆ ಒಂದು ಒಳ್ಳೆಯ ಹಾಡು ಬಂತು. ಮುಗಿದದ್ದೇ ಅಮ್ಮ ಗಟ್ಟಿಯಾಗಿ "ಒನ್ಸ್ ಮೋರ್!" ಅಂದರು. ಅಮ್ಮ ಚಿಕ್ಕಂದಿನಲ್ಲಿ ಕಂಪನಿ ನಾಟಕ ನೋಡಿ ಬೆಳೆದವರು. ಅಲ್ಲಿ ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಕೂಗುತ್ತಿದ್ದರು, ಸತ್ತು ಬಿದ್ದ ರಾಜನೂ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕಿತ್ತು. ಅಮ್ಮನ ಹತ್ತಿರ ಇದ್ದ ಇಂಗ್ಲಿಷ್ ಅಷ್ಟೇ, ಆದರೆ ಅದನ್ನು ಪೂರ್ಣ ಅಧಿಕಾರದಿಂದ ಬಳಸುತ್ತಿದ್ದರು. ಆಂಟಿಗೆ ಇದು ಭಾರಿ ಹಿಡಿಸಿತು. ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು.

ಅಂದಿನಿಂದ ಆ ಅಂಗಡಿಯಲ್ಲಿ ಒಂದೂವರೆ ಗಂಟೆಯ ಸಿನಿಮಾ ಮುಗಿಯಲು ಮೂರು ಗಂಟೆ ಹಿಡಿಯುತ್ತಿತ್ತು. ನೋಡುವವರಲ್ಲಿ ಯಾರಿಗೂ ಕೆಲಸವಿರಲಿಲ್ಲವಾದ್ದರಿಂದ ಆಕ್ಷೇಪಣೆ ಬರಲಿಲ್ಲ.

ನೂರಕ್ಕೆ ನೂರು ತಪಾಸಣೆ

ನಾಲ್ಕು ವಾರ ಉಳಿದಿದ್ದವು. ಹೀಗೆ ಕಥೆ ಕೇಳುತ್ತ ಕೂತರೆ ಆಗದು ಎಂದು ನಾನೂ ಗೆಳೆಯನೂ ಶಿಸ್ತಾಗಿ ಇಳಿದೆವು. ಕ್ಯಾಸೆಟ್ಟುಗಳನ್ನು ಅರ್ಧರ್ಧ ಹಂಚಿಕೊಂಡೆವು. ಗೆಳೆಯನ ಮನೆಯಲ್ಲೂ ಒಂದು ಹಳೆಯ ವಿಸಿಆರ್ ಇತ್ತು. ನಾನು ಚೆಕ್‌ಶೀಟ್ ತಯಾರಿಸಿದೆ. ಕ್ಯಾಸೆಟ್ ನಂಬರು, ಟೊಪ್ಪಿಗಳ ಸಂಖ್ಯೆ, ಪಿಟೀಲುಗಳ ಸಂಖ್ಯೆ, ಎಡಗೈ ಹೌದು ಅಥವಾ ಇಲ್ಲ, ತಪಾಸಣೆ ಮಾಡಿದವರ ಸಹಿ. ದಿನಕ್ಕೆ ನಾಲ್ಕು. ಕೆಲಸ ಹೋದ ಎರಡು ತಿಂಗಳ ನಂತರ ನಾನು ಮತ್ತೆ ಬೆಳಿಗ್ಗೆ ಏಳಕ್ಕೆ ಎದ್ದು, ಶೇವ್ ಮಾಡಿ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬೇಸ್‌ಮೆಂಟಿಗೆ ಇಳಿಯತೊಡಗಿದೆ.

ಕಾಫಿ ತಂದುಕೊಟ್ಟ ಅಮ್ಮ "ಏನೋ ಮಾಡ್ತಿದೀಯ?" ಅಂದರು.

"ಟೊಪ್ಪಿ ಎಣಿಸ್ತಿದೀನಿ ಅಮ್ಮಾ. ಮಧ್ಯೆ ಮಾತಾಡಿಸ್ಬೇಡ."

ಯಾಕೋ ಅವತ್ತಿನಿಂದ ಅಮ್ಮ ದೇವರಿಗೆ ಒಂದರ ಬದಲು ಎರಡು ದೀಪ ಹಚ್ಚತೊಡಗಿದರು.

ಈ ನಡುವೆ ನನಗೊಂದು ಇಂಟರ್ವ್ಯೂ ಬಂತು. ಎದುರು ಕೂತವರು ರೆಸ್ಯೂಮೆ ನೋಡಿ "ಈ ಮೂರು ತಿಂಗಳು ಏನು ಮಾಡುತ್ತಿದ್ದೀರಿ?" ಎಂದು ಕೇಳಿದರು. ಡೆಟ್ರಾಯಿಟಿನ ಒಂದು ಕುಟುಂಬದ ಅಂಗಡಿಗಾಗಿ ತಪಾಸಣೆಯ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ನೂರಕ್ಕೆ ನೂರು ಇನ್‌ಸ್ಪೆಕ್ಷನ್ ಎಂದೆ. ಅವರು ಮುಂದಕ್ಕೆ ಬಾಗಿದರು. "ಫಲಿತಾಂಶ?"

"ಇದುವರೆಗೆ ನೂರ ಇಪ್ಪತ್ತರಲ್ಲಿ ಒಂದೂ ಸಿಕ್ಕಿಲ್ಲ."

"ಝೀರೋ ಡಿಫೆಕ್ಟ್! ಅದ್ಭುತ!"

"ಇಲ್ಲ ಸಾರ್" ಎಂದೆ, ಪ್ರಾಮಾಣಿಕತೆ ನನ್ನ ದೌರ್ಬಲ್ಯ. "ನಮಗೆ ಬೇಕಾಗಿರೋದೇ ಡಿಫೆಕ್ಟು."

ಪಾಸಾದ ಮಾಲು

ಅಂಗಡಿ ಮುಚ್ಚಲು ಒಂದು ವಾರವಿದೆ ಅನ್ನುವಾಗ ನೂರ ಅರವತ್ತೂ ಮುಗಿದವು. ಸಿಗಲಿಲ್ಲ. ಚೆಕ್‌ಶೀಟುಗಳನ್ನು ಫೈಲು ಮಾಡಿ ಅಂಕಲ್ ಮುಂದಿಟ್ಟೆ. "ಕ್ಷಮಿಸಿ ಅಂಕಲ್" ಅಂದೆ. ಆಂಟಿ ನನಗೆ ಕುರ್ಚಿ ಎಳೆದು ಕೊಟ್ಟರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಅಂಕಲ್ ನಿಧಾನವಾಗಿ ಹಾಳೆ ತಿರುವಿದರು. ಒಂದು, ಎರಡು, ಹತ್ತು. ಆಮೇಲೆ ಬೆರಳಿಟ್ಟು ಕೇಳಿದರು. "ಇಂಜಿನಿಯರ್, ಈ ಸೊನ್ನೆಗಳು ಏನು?"

"ಪಿಟೀಲುಗಳ ಸಂಖ್ಯೆ ಅಂಕಲ್."

"ಎಲ್ಲದರಲ್ಲೂ ಸೊನ್ನೆಯೇ ಇದೆ."

"ಹೌದು, ಎಲ್ಲೋ ಒಂದೆರಡರಲ್ಲಿ ಬಿಟ್ಟರೆ."

"ಇವು ಹಾಡಿನ ಸಿನಿಮಾಗಳು. ಹಾಡಿನಲ್ಲಿ ಪಿಟೀಲು ಇರಲಿಲ್ಲವೇ?"

ನಾನು ಗೆಳೆಯನ ಮುಖ ನೋಡಿದೆ. ಗೆಳೆಯ ನನ್ನ ಮುಖ ನೋಡಿದ. ಅವನ ಮುಖದ ಬಣ್ಣ ಇಳಿಯುತ್ತಿತ್ತು.

"ದೋಸ್ತ" ಅಂದ ಮೆಲ್ಲಗೆ. "ನೀ ಹಾಡು ನೋಡೀಯೇನು?"

"ಇಲ್ಲ. ಹಾಡು ಬಂದ ತಕ್ಷಣ ಮುಂದಕ್ಕೆ ಓಡಿಸ್ತಿದ್ದೆ. ನೀನು?"

"ನಾನೂ ಓಡಿಸೇನಲೇ! ಕುದುರಿದು ಹಾಡಿನ ಕಡೀಗೆ ಬಟನ್ ಬಿಟ್ಟಿದ್ದಕ್ಕ ಕಂಡಿತು."

ಹಾಸ್ಟೆಲಿನಲ್ಲಿ ಬಾಡಿಗೆ ವಿಸಿಆರ್ ತಂದು ಒಂದೇ ದಿನಕ್ಕೆ ನಾಲ್ಕು ಸಿನಿಮಾ ನೋಡುತ್ತಿದ್ದ ಕಾಲದಿಂದ ಬಂದ ಅಭ್ಯಾಸ. ಹಾಡು ಬಂತೆಂದರೆ ಹೆಬ್ಬೆರಳು ತಾನಾಗಿಯೇ ಬಟನ್ ಒತ್ತಿಬಿಡುತ್ತದೆ, ತಲೆಯನ್ನು ಕೇಳುವುದಿಲ್ಲ. ವಾದ್ಯದವನನ್ನು ಹುಡುಕಲು ಹೊರಟ ಇಬ್ಬರು ಅನುಭವಿ ಇಂಜಿನಿಯರುಗಳು, ನೂರ ಅರವತ್ತು ಸಿನಿಮಾಗಳಲ್ಲಿ ವಾದ್ಯದವರಿರುವ ಜಾಗವನ್ನೇ ಓಡಿಸಿ, ಮಿಕ್ಕದ್ದನ್ನು ಸಹಿ ಹಾಕಿ ಪಾಸು ಮಾಡಿದ್ದೆವು.

ಅಂಕಲ್ ಫೈಲು ಮುಚ್ಚಿದರು. ಸಿಟ್ಟಿರಲಿಲ್ಲ, ಆಳವಾದ ತಿಳಿವಳಿಕೆಯೊಂದು ಮುಖದ ಮೇಲಿತ್ತು.

"ಕಾರು ಕಂಪನಿಗಳಿಗೆ ಏನಾಯಿತು ಅಂತ ಇಷ್ಟು ದಿನ ನನಗೆ ಅರ್ಥವಾಗಿರಲಿಲ್ಲ" ಅಂದರು.

ಕೇಳಬೇಕಾದವರನ್ನು ಕೇಳಲಿಲ್ಲ

ಒಂದು ವಾರದಲ್ಲಿ ನೂರ ಅರವತ್ತು ಸಿನಿಮಾದ ಹಾಡು ನೋಡಿ ಮುಗಿಸುವುದು ಇಬ್ಬರಿಂದ ಆಗದ ಮಾತು. ಸೋತು ಮನೆಗೆ ಬಂದು ಅಡಿಗೆಮನೆಯಲ್ಲಿ ಕೂತೆ. ಹೆಂಡತಿ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಅಮ್ಮ ಬೀನ್ಸ್ ಸೋಸುತ್ತಿದ್ದರು. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಆಗುವುದಿಲ್ಲ ಎಂದು ಮೊದಲ ಬಾರಿಗೆ ಅಮ್ಮನ ಮುಂದೆ ಪೂರ್ತಿ ವಿಷಯ ಹೇಳಿದೆ. ಅಂಕಲ್, ಪಿಟೀಲು, ಎಡಗೈ, ಐವತ್ತೊಂದು ವರ್ಷ, ಎಲ್ಲ.

ಅಮ್ಮ ಬೀನ್ಸ್ ಕೆಳಗಿಟ್ಟರು. "ಆ ಎಡಚನಾ?"

"ಯಾವ ಎಡಚ?"

"ಮದುವೆ ಹಾಡಲ್ಲಿ ಬರ್ತಾನಲ್ಲೋ, ಕೊನೇಲಿ ನಿಂತಿರೋನು. ಶುಭಕಾರ್ಯದಲ್ಲಿ ಎಡಗೈಲಿ ಬಾರಿಸ್ತಾನಲ್ಲ, ಆ ಮದುವೆ ಹೇಗೆ ಉಳಿಯತ್ತೆ ಅಂತ ಅವತ್ತೇ ಅಂದ್ಕೊಂಡೆ. ಆಮೇಲೆ ಉಳೀತು ಅನ್ನು. ಬಾವಿಕಟ್ಟೆ ಇದೆ ನೋಡು, ಆ ಸಿನಿಮಾ. ನಾಲ್ಕು ಸಲ ನೋಡಿದೀನಿ."

ನಾನು ವಾಕಿಂಗ್ ಹೋದಾಗ, ಸ್ನಾನಕ್ಕೆ ಹೋದಾಗ ಅಮ್ಮ ಬೇಸ್‌ಮೆಂಟಿಗೆ ಇಳಿದು ಮಾತುಗಳನ್ನೆಲ್ಲ ಓಡಿಸಿ ಬರೀ ಹಾಡು ನೋಡುತ್ತಿದ್ದರಂತೆ. ಕಥೆ ಹೇಗೂ ಗೊತ್ತಿರುವುದೇ, ಭಾಷೆ ಬರುವುದಿಲ್ಲ, ಮಾತು ಕೇಳಿ ಏನು ಮಾಡುವುದು? ನಾನು ಓಡಿಸಿದ್ದನ್ನು ಅವರು ನೋಡಿದ್ದರು, ನಾನು ನೋಡಿದ್ದನ್ನು ಅವರು ಓಡಿಸಿದ್ದರು. ನಮ್ಮಿಬ್ಬರನ್ನೂ ಜೋಡಿಸಿದ್ದರೆ ಒಂದು ಪೂರ್ತಿ ಸಿನಿಮಾ ಆಗುತ್ತಿತ್ತು.

"ಮತ್ತೆ ಹೇಳ್ಬಾರ್ದಿತ್ತೇನಮ್ಮಾ!" ಎಂದು ಕೂಗಿದೆ.

"ನೀನು ಹುಡುಕ್ತಿರೋದು ಎಡಚನ್ನ ಅಂತ ನನಗೆ ಯಾರೋ ಹೇಳಿದ್ರು? ಇಸ್ತ್ರಿ ಷರ್ಟ್ ಹಾಕ್ಕೊಂಡು ಟೊಪ್ಪಿ ಎಣಿಸ್ತಾ ಕೂತಿದ್ದೆ. ಕೆಲಸ ಹೋಗಿ ಮಗುವಿಗೆ ಹೀಗಾಗಿದೆ, ಏನೂ ಕೇಳೋದು ಬೇಡ ಅಂತ ಸುಮ್ಮನಿದ್ದೆ."

ಆ ಎರಡನೆಯ ದೀಪ ಯಾಕೆಂದು ಆಗ ಗೊತ್ತಾಯಿತು.

ಒನ್ಸ್ ಮೋರ್

ಅಂಗಡಿಯ ಕೊನೆಯ ದಿನ ಭಾನುವಾರ. ತರಕಾರಿ ಬುಟ್ಟಿಗಳು ಖಾಲಿಯಾಗಿದ್ದವು. ಕ್ಯಾಸೆಟ್ಟುಗಳು ಪೆಟ್ಟಿಗೆಗಳಲ್ಲಿದ್ದವು, ನನಗೂ ಗೆಳೆಯನಿಗೂ ಕೊಟ್ಟಿದ್ದಂಥದ್ದೇ ರಟ್ಟಿನ ಪೆಟ್ಟಿಗೆಗಳು. ಆಂಟಿ ದೊಡ್ಡ ಪಾತ್ರೆಗಳಲ್ಲಿ ಅಡಿಗೆ ಮಾಡಿ ತಂದಿದ್ದರು, ನಮಗೋಸ್ಕರ ಮಾಂಸವಿಲ್ಲದ್ದು ಬೇರೆ. ಹತ್ತಿಪ್ಪತ್ತು ಹಳೆಯ ಗಿರಾಕಿಗಳು ಬಂದಿದ್ದರು. ಅಮ್ಮ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ನನ್ನ ಚಳಿಗಾಲದ ಜಾಕೆಟ್ ಹಾಕಿಕೊಂಡು, ಎದೆಗೆ ಕ್ಯಾಸೆಟ್ ಅವಚಿಕೊಂಡು ಒಳಗೆ ಬಂದರು. ನನ್ನ ಕೈಗೆ ಅದನ್ನು ಕೊಡಲಿಲ್ಲ. ನೀನು ಓಡಿಸಿಬಿಡ್ತೀಯ ಅಂದರು.

ಆಂಟಿ ತಮ್ಮ ಎಂದಿನ ಕುರ್ಚಿಯಲ್ಲಿ ಅಮ್ಮನ ಪಕ್ಕ ಕೂತರು. ಅಂಕಲ್ ಕೂರಲಿಲ್ಲ, ಕೂತರೆ ನಿದ್ದೆ ಬಂದೀತೆಂಬ ಭಯ. ಗೋಡೆಗೆ ಒರಗಿ ನಿಂತಿದ್ದರು.

ಬಾವಿಕಟ್ಟೆ ಬಂತು. ಮದುವೆಯ ಮನೆ ಬಂತು. ಹಾಡು ಶುರುವಾಯಿತು. ನನ್ನ ಹೆಬ್ಬೆರಳು ತಾನೇ ಮಿಸುಕಿತು, ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡೆ. ಕ್ಯಾಮೆರಾ ಗಿಟಾರಿನವರಿಂದ ಹೊರಟು, ತುತ್ತೂರಿಯವರನ್ನು ದಾಟಿ, ಪಿಟೀಲಿನವರ ಸಾಲಿಗೆ ಬಂದು ಕೊನೆಯವನ ಮೇಲೆ ನಿಂತಿತು. ಎಲ್ಲರ ಕಮಾನೂ ಒಂದು ಕಡೆ, ಅವನದೊಂದೇ ಇನ್ನೊಂದು ಕಡೆ. ತೆಳ್ಳಗಿನ ಹುಡುಗ, ದೊಡ್ಡ ಟೊಪ್ಪಿ, ಪೊದೆಯಂಥ ಮೀಸೆ, ಹೆದರಿದ ಕಣ್ಣು.

ಆಂಟಿ ಎದ್ದು ಟೀವಿಯ ಹತ್ತಿರ ಹೋಗಿ ಗಾಜನ್ನು ಬೆರಳಿನಿಂದ ಮುಟ್ಟಿದರು. "ಇವನೇ" ಅಂದರು. "ದೇವರೇ, ಇವನೇ. ಎಷ್ಟು ಸಣ್ಣಗಿದ್ದ." ಅವರ ಕಣ್ಣಲ್ಲಿ ನೀರು ಬಂತು. ಅಂಕಲ್ ಕಣ್ಣಲ್ಲೂ ಬಂತು. ಧಾರವಾಡದ ಗೆಳೆಯನಂತೂ ಬಿಕ್ಕುತ್ತಿದ್ದ. ಐವತ್ತೊಂದು ವರ್ಷ ಸುಳ್ಳುಗಾರ ಅನ್ನಿಸಿಕೊಂಡಿದ್ದ ಮನುಷ್ಯ ಗೋಡೆ ಬಿಟ್ಟು ನೆಟ್ಟಗೆ ನಿಂತ.

ಅಷ್ಟರಲ್ಲಿ ಪರದೆಯ ಮೇಲೆ ಆ ಹುಡುಗನ ಮೀಸೆಯ ಎಡತುದಿ ಮೇಲೆದ್ದಿತು.

ಸ್ಟುಡಿಯೊದ ದೀಪಗಳ ಶಾಖ, ಅಂಟು ಬಿಟ್ಟಿರಬೇಕು. ಹುಡುಗ ಕಮಾನಿನ ತುದಿಯಿಂದ ಅದನ್ನು ಒತ್ತಿದ. ಆಗ ಬಲತುದಿ ಎದ್ದಿತು. ತುಟಿಯನ್ನು ಮೂಗಿಗೆ ಒತ್ತಿ ಹಿಡಿದುಕೊಂಡ. ಹಾಡು ಉಚ್ಚ ಸ್ವರಕ್ಕೆ ಏರಿದಾಗ ಪೂರ್ತಿ ಮೀಸೆ ಕಳಚಿ ಪಿಟೀಲಿನ ಮೇಲೆ ಬಿತ್ತು. ಮೀಸೆಯಿದ್ದ ಜಾಗದಲ್ಲಿ ನುಣ್ಣನೆಯ ಮೇಲ್ದುಟಿ, ಎಂದೂ ಒಂದು ಕೂದಲೂ ಹುಟ್ಟಿರದಂಥದ್ದು. ಹುಡುಗ ಕ್ಯಾಮೆರಾ ನೋಡಿ ನಕ್ಕ. ಕ್ಯಾಮೆರಾ ಗಾಬರಿಯಿಂದ ಮದುಮಗಳ ಕಡೆ ತಿರುಗಿತು.

ಆಂಟಿ ಬಹಳ ನಿಧಾನವಾಗಿ ತಿರುಗಿದರು.

"ನಮ್ಮಪ್ಪನಿಗೋಸ್ಕರ ಬೋಳಿಸಿದ್ದು" ಅಂದರು.

ಅಂಕಲ್ ನನ್ನ ಕಡೆಗೆ ಬಾಗಿ ಕಿವಿಯಲ್ಲಿ "ಆಣೆ ಮಾಡಿ ಹೇಳುತ್ತೇನೆ ಇಂಜಿನಿಯರ್, ಹೇಳಿ ಹೇಳಿ ನನಗೇ ನಿಜ ಅನ್ನಿಸಿಬಿಟ್ಟಿತ್ತು" ಅಂದರು.

"ನಮ್ಮಮ್ಮ ಅತ್ತಳು" ಆಂಟಿ ಮುಂದುವರಿಸಿದರು. "ಎಂಥ ಮೀಸೆ ಹೋಯಿತೋ ಅಂತ ಅತ್ತಳು. ಐವತ್ತೊಂದು ವರ್ಷದ ಭಾನುವಾರಗಳು!" ಎಂದು ಅಡಿಗೆಯ ದೊಡ್ಡ ಪಾತ್ರೆಗಳ ರಾಶಿಯ ಕಡೆ ಕೈ ತೋರಿಸಿದರು. ಅಂಕಲ್ ಷರ್ಟಿನ ತೋಳು ಮಡಿಸಿ, ಹಿಂದಿನ ಸಿಂಕಿಗೆ ಹೋಗಿ ನಲ್ಲಿ ತಿರುಗಿಸಿದರು. ಬೆನ್ನು ಮಾತ್ರ ಕಾಣುತ್ತಿತ್ತು. ಅದು ನೆಟ್ಟಗೇ ಇತ್ತು. ಸಿನಿಮಾದಲ್ಲಿದ್ದವರ ಬೆನ್ನು.

ಅಮ್ಮನಿಗೆ ಒಂದು ಪದವೂ ಅರ್ಥವಾಗಿರಲಿಲ್ಲ, ಎಲ್ಲವೂ ತಿಳಿದಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆಂಟಿ ಅವರನ್ನು ನೋಡಿದರು. ಗಂಟು ಹಾಕಿಕೊಂಡಿದ್ದ ಹುಬ್ಬು ಸಡಿಲವಾಯಿತು, ಕೆನ್ನೆ ಅದುರಿತು, ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ಆಮೇಲೆ ಕಣ್ಣೊರೆಸಿಕೊಂಡು, ಅಮ್ಮನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಸಿಂಕಿನಲ್ಲಿದ್ದವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಕೂಗಿದರು:

"ಒನ್ಸ್ ಮೋರ್!"